ನೀಲಿ ಬಣ್ಣ, ಕಪ್ಪು ನಳಿಕೆ: ಕಟ್ಟಿ, ತೊಳೆದು ನೋಡಿದ ಲೆಕ್ಕ

ನೀಲಿ ಬಣ್ಣದ ನೀರಿಗೆ ಒಂದು ಚಿಟಿಕೆ ಕಾರ್ಬನ್ ನ್ಯಾನೊ ನಳಿಕೆ ಹಾಕಿ ಕುಲುಕಿದರೆ ಸ್ವಲ್ಪ ಹೊತ್ತಿಗೆ ಕಪ್ಪು ಹುಡಿ ಅಡಿಗೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ವಿಜ್ಞಾನ ಮೇಳದಲ್ಲಿ ಇದಕ್ಕೆ ಚಪ್ಪಾಳೆ ಖಂಡಿತ. ಆದರೆ ಬಣ್ಣ ನಳಿಕೆಯ ಮೈಮೇಲೆ ಸುಮ್ಮನೆ ಕೂತದ್ದೋ, ರಾಸಾಯನಿಕ ಬಂಧದಲ್ಲಿ ಸಿಕ್ಕಿಕೊಂಡದ್ದೋ ಎಂಬುದಕ್ಕೆ ಆ ತಿಳಿನೀರು ಉತ್ತರ ಕೊಡುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಮಾಡಿ, ನಮ್ಮಂಥ ಸಣ್ಣ ಲ್ಯಾಬಿನ ಸಾಮಾನಿನಲ್ಲೇ ವ್ಯತ್ಯಾಸ ತೋರಿಸಲು ಆಗುತ್ತದೋ ನೋಡುವ ಎಂದು ಶುರು ಮಾಡಿದ ಕೆಲಸದ ಟಿಪ್ಪಣಿ ಇದು.

ಲ್ಯಾಬ್ ಅಂದರೆ ಕಾಸರಗೋಡು ಪೇಟೆಯಿಂದ ಬದಿಯಡ್ಕದ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್. ನಾನು ಅಲ್ಲಿ ಪಾಠ ಮಾಡುವವ. ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಡಿಜಿಟಲ್ ಕಲರಿಮೀಟರ್ ಉಂಟು, ಜೋರಾಗಿ ತಿರುಗಿಸಿ ಹುಡಿಯನ್ನು ಅಡಿಗೆ ಕೂರಿಸುವ, ರಕ್ತಪರೀಕ್ಷೆ ಮಾಡುವಲ್ಲಿ ಇರುವಂಥ ಸಣ್ಣ ಸೆಂಟ್ರಿಫ್ಯೂಜ್ ಉಂಟು, ಪಿಎಚ್ ಮೀಟರ್ ಉಂಟು, ಹೊಗೆ ಎಳೆಯುವ ಫ್ಯೂಮ್ ಹುಡ್ ಉಂಟು. ಇಲ್ಲದ್ದು ಸೋನಿಕೇಟರ್. ನಳಿಕೆಗಳು ಗಂಟು ಗಂಟಾಗಿ ಬರುತ್ತವೆ, ಶಬ್ದದ ಅಲೆಯಲ್ಲಿ ಅಲ್ಲಾಡಿಸದೆ ಬಿಡಿಸಿಕೊಳ್ಳುವುದಿಲ್ಲ. ಕುಂಬಳೆಯಲ್ಲಿ ಭಾವನ ಕನ್ನಡಕದ ಅಂಗಡಿ ಇದೆ, ಅಲ್ಲಿ ಫ್ರೇಮು ತೊಳೆಯುವ ಅಲ್ಟ್ರಾಸೋನಿಕ್ ಕ್ಲೀನರ್ ಇದೆ. ಅದೂ 40 ಕಿಲೊಹರ್ಟ್ಸ್‌ನದ್ದೇ.

"ಭಾವ, ನಿಂಗಳ ಕನ್ನಡ್ಕ ತೊಳವ ಮಿಶನ್ ರಜ್ಜ ದಿನಕ್ಕೆ ಕೊಡ್ತಿರೋ?"

"ತೆಕ್ಕೊಂಡು ಹೋಗು ಭಾವ. ಆಸಿಡ್ ಗೀಸಿಡ್ ಮಾಂತ್ರ ಹಾಕೆಡ."

ಹಾಕಲಿಲ್ಲ. ತೊಟ್ಟಿಗೆ ಬರೀ ನೀರು, ಅದರೊಳಗೆ ಮುಚ್ಚಳ ಬಿಗಿದ ಸೀಸೆ. ಆ ಮಿಶನ್ನಿನ ಟೈಮರ್ 180 ಸೆಕೆಂಡಿಗೆ ನಿಲ್ಲುತ್ತದೆ, ಮತ್ತೆ ಒತ್ತಬೇಕು. ಅರ್ಧ ಗಂಟೆ ಹೀಗೆ ಒತ್ತಿ ಒತ್ತಿ ಓಡಿಸಿದರೆ ತೊಟ್ಟಿಯ ನೀರು ಬಿಸಿಯಾಗುತ್ತದೆ. ಬಿಸಿಯಾದರೆ ಬಣ್ಣ ಕೂರುವ ಲೆಕ್ಕವೇ ಬದಲಾಗುವುದರಿಂದ ನಡುನಡುವೆ ನೀರು ಬದಲಿಸುತ್ತ ಇರಬೇಕು.

ಎರಡು ಬಣ್ಣ, ಒಂದೇ ಮನೆತನ

ಕಾರ್ಬನ್ ನ್ಯಾನೊ ನಳಿಕೆಯೆಂದರೆ ಗ್ರಾಫೈಟಿನ ಹಾಳೆಯನ್ನು ಸುರುಳಿ ಸುತ್ತಿದ ರಚನೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಪ್ರಕಟಿಸಿದ್ದು ಒಂದರೊಳಗೊಂದು ಸುರುಳಿಯಿರುವ ಬಹುಗೋಡೆಯ ನಳಿಕೆಗಳನ್ನು, 1993ರಲ್ಲಿ ಒಂದೇ ಗೋಡೆಯವೂ ಬಂದವು. ಒಂಟಿ ಗೋಡೆಯದ್ದರ ದಪ್ಪ ಒಂದು ನ್ಯಾನೊಮೀಟರ್ ಆಸುಪಾಸು, ಬೆಲೆ ನಮ್ಮ ಕೈಗೆ ಎಟುಕದ್ದು. ನಾನು ತರಿಸಿದ್ದು ಬಹುಗೋಡೆಯದ್ದು, 10ರಿಂದ 20 ನ್ಯಾನೊಮೀಟರ್ ದಪ್ಪದ್ದು.

ನಳಿಕೆಗೆ ಎಲೆಕ್ಟ್ರಾನ್ ಸಾಗಿಸಲು ಗೊತ್ತು. ಆದರೆ ಯಾರಿಂದ ತೆಗೆದುಕೊಳ್ಳಬೇಕು, ಯಾರಿಗೆ ಕೊಡಬೇಕು ಎಂಬ ಆಯ್ಕೆ ಅದಕ್ಕಿಲ್ಲ. ಬಣ್ಣದ ಅಣುವಿಗೆ ಆ ಆಯ್ಕೆ ಇದೆ: ನಿರ್ದಿಷ್ಟ ತರಂಗಾಂತರದ ಬೆಳಕನ್ನೇ ಹೀರುತ್ತದೆ, ನಿರ್ದಿಷ್ಟ ವೋಲ್ಟೇಜಿನಲ್ಲೇ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತದೆ. ಇವೆರಡನ್ನೂ ಜೋಡಿಸಿದರೆ ಸೆನ್ಸರಿಗೋ, ಬೆಳಕನ್ನು ಹಿಡಿಯುವ ಪದರಕ್ಕೋ ಆಗುವ ಹೊಸ ವಸ್ತು ಸಿಗುತ್ತದೆ. ಜೋಡಿಸುವ ದಾರಿ ಎರಡು. ಚಪ್ಪಟೆ ಅಣು ನಳಿಕೆಯ ಷಟ್ಕೋನಗಳ ಮೇಲೆ ಚಪ್ಪಟೆಯಾಗಿ ಮಲಗುವುದು ಒಂದು. ಇದರಲ್ಲಿ ಬಂಧವಿಲ್ಲ, ಉಂಗುರಗಳ ಮೇಲೆ ಕೆಳಗೆ ಹರಡಿರುವ ಪೈ ಎಲೆಕ್ಟ್ರಾನುಗಳ ಸೆಳೆತ ಮಾತ್ರ. ನಳಿಕೆಯ ಮೇಲೆ ಕಾರ್ಬಾಕ್ಸಿಲ್ ಎಂಬ ಆಮ್ಲದ ಗುಂಪು ಎಬ್ಬಿಸಿ, ಬಣ್ಣದಲ್ಲಿರುವ ಅಮೈನ್ ಎಂಬ ಸಾರಜನಕದ ಗುಂಪಿನ ಜೊತೆ ಅಮೈಡ್ ಬಂಧ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ನಳಿಕೆಯ ರಚನೆಗೆ ಪೆಟ್ಟಿಲ್ಲ. ಎರಡನೆಯದರಲ್ಲಿ ಕಾರ್ಬಾಕ್ಸಿಲ್ ಎದ್ದಲ್ಲೆಲ್ಲ ಷಟ್ಕೋನ ಹರಿದಿರುತ್ತದೆ, ವಿದ್ಯುತ್ ಹರಿಯುವುದು ಅಷ್ಟು ಕಡಿಮೆ.

ಬಣ್ಣ ಆರಿಸಿದ ಬಗೆ ಹೇಳಬೇಕು, ಈ ಕೆಲಸದ ಜೀವ ಇರುವುದೇ ಅಲ್ಲಿ. ಮೆಥಿಲೀನ್ ಬ್ಲೂ ಎಲ್ಲರಿಗೂ ಗೊತ್ತು, ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಮದ್ದಾಗಿಯೂ ಸಿಗುತ್ತದೆ. 1876ರಲ್ಲಿ ಹೈನ್ರಿಚ್ ಕಾರೊ ಮಾಡಿದ ಬಣ್ಣ. ಅದೇ ವರ್ಷ ಚಾರ್ಲ್ಸ್ ಲೌತ್ ಮಾಡಿದ ನೇರಳೆ ಬಣ್ಣವೇ ಥಯೊನಿನ್. ಎರಡರ ನಡುಭಾಗ ಒಂದೇ: ಮೂರು ಉಂಗುರ ಸಾಲಾಗಿ ಅಂಟಿಕೊಂಡದ್ದು, ಮಧ್ಯದ ಉಂಗುರದಲ್ಲಿ ಒಂದು ಗಂಧಕ, ಒಂದು ಸಾರಜನಕ. ವ್ಯತ್ಯಾಸ ಎರಡು ತುದಿಯಲ್ಲಿ. ಥಯೊನಿನ್‌ನ ಎರಡೂ ತುದಿಗೆ ಖಾಲಿ ಅಮೈನ್ ಇದೆ. ಮೆಥಿಲೀನ್ ಬ್ಲೂವಿನಲ್ಲಿ ಅದೇ ಸಾರಜನಕಗಳ ಮೇಲೆ ಎರಡೆರಡು ಮೀಥೈಲ್ ಕೂತಿವೆ, ಅಮೈಡ್ ಆಗಲು ಬೇಕಾದ ಹೈಡ್ರೋಜನ್ನೇ ಉಳಿದಿಲ್ಲ. ಅಂದರೆ ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಆಕಾರ, ಒಂದೇ ಧನ ವಿದ್ಯುದಂಶ. ಆದರೆ ಒಂದಕ್ಕೆ ಬಂಧ ಹಾಕಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ?

ಕಪ್ಪು ಹುಡಿಯ ಜೊತೆ ನಡವಳಿಕೆ

ಬಹುಗೋಡೆಯ ನಳಿಕೆಗಳಲ್ಲಿ ಎಂಡಬ್ಲ್ಯೂಸಿಎನ್‌ಟಿ-7 ಎಂಬ ಉದ್ದದ, ಬಿಗಿಯಾದ ಬಗೆಯೊಂದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಸೇರಿಸಿದೆ. ಆಸ್ಬೆಸ್ಟಾಸ್ ಎಳೆಯ ಹಾಗೆ ಶ್ವಾಸಕೋಶದಲ್ಲಿ ನಾಟಿ ಕೂರುತ್ತದೋ ಎಂಬ ಭಯ ಅದರ ಹಿಂದಿನದ್ದು. ನನ್ನ ಡಬ್ಬಿಯದ್ದು ಆ ಬಗೆಯದ್ದಲ್ಲ, ಸಪೂರ, ಸುತ್ತಿಕೊಂಡದ್ದು. ಹಾಗಂತ ಮೂಗು ಬಿಟ್ಟುಕೊಂಡು ಡಬ್ಬಿ ತೆರೆಯುವುದಲ್ಲ. ಎನ್95 ಮಾಸ್ಕ್, ಕೈಗೆ ಗ್ಲೌಸ್, ಫ್ಯಾನ್ ಬಂದ್. ಮಾರ್ಚಿನ ಒಣ ಸೆಕೆಯಲ್ಲಿ ಈ ಹುಡಿ ಸ್ಪ್ಯಾಚುಲಾದಿಂದ ತಾನಾಗಿ ಹಾರಿ ತಕ್ಕಡಿಯ ಗಾಜಿಗೆ ಅಂಟುತ್ತದೆ. ಆದ್ದರಿಂದ ಖಾಲಿ ಸೀಸೆಯನ್ನು ಮೊದಲೇ ತೂಗಿಟ್ಟು, ಹುಡ್ ಒಳಗೆ ಅದಕ್ಕೆ ಹುಡಿ ಹಾಕಿ, ಮುಚ್ಚಿ ಮತ್ತೆ ತೂಗಿ, ಕೂಡಲೇ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಕೆಸರು ಮಾಡಿಬಿಡುವುದು. ಒದ್ದೆಯಾದ ಮೇಲೆ ಅದು ಸಾಧು.

ಎಥನಾಲ್ ಯಾಕಲ್ಲ ಎಂದು ಕೇಳುವವರಿದ್ದಾರೆ. ಎಥನಾಲಿಗೆ ಅಬಕಾರಿ ಪರವಾನಗಿಯ ತಲೆಬಿಸಿ ಇದೆ. ಐಸೊಪ್ರೊಪೈಲಿಗೆ ಅದಿಲ್ಲ, ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ.

ನಳಿಕೆ ತೊಳೆದ ನೀರನ್ನು ಸಿಂಕಿಗೆ ಚೆಲ್ಲುವ ಪ್ರಶ್ನೆಯೇ ಇಲ್ಲ. ನಮ್ಮ ಕಾಲೇಜಿನ ಹಿಂದೆ ಮುರಕಲ್ಲಿನ ನೆಲ, ಮೇಲೆ ಚೆಲ್ಲಿದ್ದು ಕೆಳಗಿನ ಬಾವಿಗೆ ಇಳಿಯುತ್ತದೆ. ಆಚೆಮನೆಯ ಅಜ್ಜಿ ನಾನು ಕಪ್ಪು ನೀರಿನ ಕ್ಯಾನು ಹೊತ್ತು ಹೋಗುವುದನ್ನು ಕಂಡು ಬೇಲಿಯ ಆಚೆಯಿಂದಲೇ ಕೇಳಿದರು, "ಎಂತ ಮಾಷ್ಟ್ರೇ, ಅದೆಂತ ಮದ್ದು?" ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಸೀಮೆ ಇದು. ಎಣ್ಮಕಜೆಯ ಕಡೆ ಅದರ ಫಲ ಉಂಡ ಮನೆಗಳು ಇನ್ನೂ ಇವೆ. ಇಲ್ಲಿ ಆ ಪ್ರಶ್ನೆಗೆ ನಿಂತು ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಕೊಟ್ಟೆ. ಕಪ್ಪು ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ನಳಿಕೆಗಳು ಗಡ್ಡೆ ಕಟ್ಟಿ ಅಡಿಗಿಳಿಯುತ್ತವೆ. ಆ ಕೆಸರನ್ನು ಒಣಗಲು ಬಿಡದೆ ಡಬ್ಬಿಗೆ ತುಂಬಿ ಅಪಾಯಕಾರಿ ಕಸದ ಲೆಕ್ಕದಲ್ಲಿ ಇಟ್ಟಿದ್ದೇನೆ.

ಸುಮ್ಮನೆ ಕೂರಿಸುವುದು

ಮೊದಲು ಕಾಗದದ ಮೇಲೆ ಲೆಕ್ಕ. ನನ್ನ ನಳಿಕೆಯ ಮೇಲ್ಮೈ ಗ್ರಾಂಗೆ ಸುಮಾರು 200 ಚದರ ಮೀಟರ್ ಎಂದು ಡಬ್ಬಿಯ ಚೀಟಿ ಹೇಳುತ್ತದೆ. ಮೆಥಿಲೀನ್ ಬ್ಲೂವಿನ ಒಂದು ಅಣು ಚಪ್ಪಟೆ ಮಲಗಿದರೆ ಸುಮಾರು 1.3 ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆ. ಭಾಗಿಸಿದರೆ ಗ್ರಾಂ ನಳಿಕೆಗೆ ಕಾಲು ಮಿಲಿಮೋಲ್, ಅಂದರೆ 80 ಮಿಲಿಗ್ರಾಂ ಆಸುಪಾಸು ಬಣ್ಣ ಒಂದು ಪದರವಾಗಿ ಹಿಡಿಸಬೇಕು. ನಾನು ತೆಗೆದುಕೊಂಡದ್ದು 20 ಮಿಲಿಗ್ರಾಂ ನಳಿಕೆ, ಆದ್ದರಿಂದ ಅದರ ಮಿತಿ 1.6 ಮಿಲಿಗ್ರಾಂ. 100 ಮಿಲಿಲೀಟರಿಗೆ 1 ಮಿಲಿಗ್ರಾಂ ಬಣ್ಣವಿದ್ದರೆ ನೀರು ಹೆಚ್ಚುಕಡಿಮೆ ತಿಳಿಯಾಗಬೇಕು, 5 ಮಿಲಿಗ್ರಾಂ ಇದ್ದರೆ ನೀಲಿ ಉಳಿಯಲೇಬೇಕು. ಎರಡೂ ಹಾಗೆಯೇ ಆದವು. ಆ ಎರಡರ ನಡುವೆ ಹಲವು ಬಾಟಲಿ ಇಟ್ಟು ಗೆರೆ ಎಳೆದಾಗ, ಮೊದಲು ನೇರ ಏರಿ ಆಮೇಲೆ ಮಟ್ಟಸವಾಗುವ, ಒಂದೇ ಪದರವಾಗಿ ಕೂರುವುದರ ಗುರುತಾದ ಲ್ಯಾಂಗ್ಮ್ಯೂರ್ ಗೆರೆಯ ಆಕಾರವೇ ಬಂತು.

ಇಲ್ಲಿ ಅಳತೆಯೇ ಕಷ್ಟದ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೆಥಿಲೀನ್ ಬ್ಲೂ ಹೆಚ್ಚು ಬೆಳಕು ಹೀರುವುದು 664 ನ್ಯಾನೊಮೀಟರಿನಲ್ಲಿ, ಕಲರಿಮೀಟರಿನ 660ರ ಫಿಲ್ಟರ್ ಅದಕ್ಕೆ ಸಾಕು. ಆದರೆ ದಟ್ಟ ದ್ರಾವಣದಲ್ಲಿ ಅಣುಗಳು ಎರಡೆರಡು ಜೋಡಿಯಾಗುತ್ತವೆ, ಜೋಡಿಯ ಹೀರಿಕೆ 610ರ ಆಸುಪಾಸಿಗೆ ಸರಿಯುತ್ತದೆ, 660ರಲ್ಲಿ ಅಳೆದ ಸಂಖ್ಯೆ ನಿಜಕ್ಕಿಂತ ಕಡಿಮೆ ತೋರುತ್ತದೆ. ಆದ್ದರಿಂದ ಓದುವ ಮೊದಲು ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ತೆಳು ಮಾಡಿಕೊಳ್ಳಬೇಕು.

ಇನ್ನೊಂದು, ಫಿಲ್ಟರ್ ಪೇಪರ್. ನಳಿಕೆಯನ್ನು ಸೋಸಿ ತೆಗೆಯುವ ಎಂದು ಯಾರಿಗೂ ತೋಚುವುದೇ. ಕಾಗದ ಸೆಲ್ಯುಲೋಸು, ಮೆಥಿಲೀನ್ ಬ್ಲೂ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ನಳಿಕೆಯೇ ಇಲ್ಲದ ಬಣ್ಣದ ನೀರನ್ನು ಸೋಸಿ ನೋಡಿ, ಕಾಗದ ನೀಲಿಯಾಗುತ್ತದೆ, ನೀರು ತೆಳುವಾಗುತ್ತದೆ. ಆ ನಷ್ಟವೆಲ್ಲ ನಳಿಕೆಯ ಖಾತೆಗೆ ಬೀಳುತ್ತದೆ. ಗಾಜಿನ ಸೀಸೆಯೂ ಅಷ್ಟೇ, ಒಳಮೈಗೆ ಬಣ್ಣ ಕುಡಿಯುತ್ತದೆ. ನಾನು ಸೋಸಲೇ ಇಲ್ಲ, ಪ್ಲಾಸ್ಟಿಕ್ ಸೀಸೆಯಲ್ಲಿ ಸೆಂಟ್ರಿಫ್ಯೂಜ್ ತಿರುಗಿಸಿ ಮೇಲಿನ ನೀರು ತೆಗೆದೆ. ಜೊತೆಗೆ ನಳಿಕೆ ಹಾಕದ ಒಂದು ಬಾಟಲಿಯನ್ನು ಎಲ್ಲ ಹಂತಕ್ಕೂ ಎಳೆದುಕೊಂಡು ಹೋದೆ.

ಮೇಲಿನ ನೀರಿನಲ್ಲಿ ಕಣ್ಣಿಗೆ ಕಾಣದ ನಳಿಕೆ ಉಳಿದಿದ್ದರೆ ಅದೂ ಬೆಳಕು ತಿನ್ನುತ್ತದೆ. ಅದನ್ನು ಹಿಡಿಯಲು ಬಣ್ಣ ಹೆಚ್ಚೇನೂ ಹೀರದ 440ರಲ್ಲಿ ಇನ್ನೊಮ್ಮೆ ಓದುವುದು. ಅಲ್ಲಿ ಸಂಖ್ಯೆ ಏರಿದ್ದರೆ ಮತ್ತೆ ಸೆಂಟ್ರಿಫ್ಯೂಜಿಗೆ.

ಬದಿಯಲ್ಲಿ ಒಂದು ಆಟ ಮಾಡಿದೆವು. ರೊಡಮಿನ್ ಬಿ ಎಂಬ ಇನ್ನೊಂದು ಬಣ್ಣದ ದ್ರಾವಣಕ್ಕೆ ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬಿಡಿಸಿದ ನಳಿಕೆಯನ್ನು ಹನಿ ಹನಿ ಬಿಟ್ಟರೆ ಹೊಳಪು ಆರುತ್ತದೆ. ಮಕ್ಕಳು ಹೋ ಎಂದರು. ಒಬ್ಬಳು ಮಾತ್ರ, "ಸರ್, ಕಪ್ಪು ನೀರು ಟಾರ್ಚಿನ ಬೆಳಕನ್ನೇ ತಡೆದಿರಬಹುದಲ್ಲ?" ಎಂದಳು. ಸರಿಯಾದ ಪ್ರಶ್ನೆ. ಅದೇ ನಳಿಕೆಯ ನೀರನ್ನು ಬೇರೆ ಸೀಸೆಯಲ್ಲಿ ಹಾಕಿ ಟಾರ್ಚಿಗೂ ಬಣ್ಣಕ್ಕೂ ನಡುವೆ ಇಟ್ಟೆವು. ಹೊಳಪು ಸ್ವಲ್ಪ ಕುಂದಿತು, ಆರಲಿಲ್ಲ. ಬೆರೆಸಿದಾಗ ಆರಿದ್ದು, ಬೆಳಕು ಹೀರಿ ಉದ್ರೇಕಗೊಂಡ ಅಣು ತನ್ನ ಶಕ್ತಿಯನ್ನು ಹೊಳಪಾಗಿ ಬಿಡುವ ಬದಲು ಪಕ್ಕದ ನಳಿಕೆಗೆ ದಾಟಿಸಿದ್ದರಿಂದ. ನಳಿಕೆಗೆ ಬಣ್ಣ ಕಟ್ಟುವ ಸಾಹಸದಲ್ಲಿ ಅರ್ಧ ಪಾಲು ಈ ದಾಟುವಿಕೆಯ ಆಸೆಗಾಗಿಯೇ.

ಕಾರ್ಬಾಕ್ಸಿಲ್ ಎಬ್ಬಿಸುವುದು

1998ರಲ್ಲಿ ರೈಸ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲಿ ಬಳಗ ಮೂರು ಪಾಲು ಸಲ್ಫ್ಯೂರಿಕ್, ಒಂದು ಪಾಲು ನೈಟ್ರಿಕ್ ಆಸಿಡಿನಲ್ಲಿ ನಳಿಕೆಯನ್ನು ಶಬ್ದದ ಅಲೆಗೆ ಒಡ್ಡಿ ತುಂಡರಿಸಿತು. ಆ ಮಿಶ್ರಣ ಇವತ್ತಿಗೂ ಅನೇಕ ಲ್ಯಾಬುಗಳಲ್ಲಿ ನಡೆಯುತ್ತದೆ. ನಾನು ಅಷ್ಟು ಉಗ್ರಕ್ಕೆ ಹೋಗಲಿಲ್ಲ. ನೀರು ಬೆರೆಸಿ ಅರ್ಧ ಬಲಕ್ಕೆ ಇಳಿಸಿದ ನೈಟ್ರಿಕ್ ಆಸಿಡಿನಲ್ಲಿ, ಫ್ಯೂಮ್ ಹುಡ್ ಒಳಗೆ, ಕಂಡೆನ್ಸರ್ ಕೂರಿಸಿ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸಿದ್ದು. ಕಂಡೆನ್ಸರಿನ ಬಾಯಲ್ಲಿ ಕಂದು ಹೊಗೆ ಆಡುತ್ತ ಇರುತ್ತದೆ, ನೈಟ್ರೋಜನ್ ಡೈಆಕ್ಸೈಡ್. ಹುಡ್ ಇಲ್ಲದ ಜಾಗದಲ್ಲಿ ಇದನ್ನು ಮಾಡಲೇಬಾರದು. ಕಾರ್ಬಾಕ್ಸಿಲ್ ಎಬ್ಬಿಸಿದ ನಳಿಕೆಯನ್ನೇ ಮಾರುವವರಿದ್ದಾರೆ, ಅದನ್ನು ತರಿಸಿಕೊಳ್ಳಿ.

ತೊಳೆಯುವಾಗ ಒಂದು ಸೊಗಸು ಕಂಡೆ. ಆರಂಭದ ತೊಳೆತಗಳಲ್ಲಿ ಆಸಿಡ್ ಜೋರಿರುವಾಗ ಹುಡಿ ಸಲೀಸಾಗಿ ಅಡಿಗೆ ಕೂರುತ್ತದೆ. ಆಸಿಡ್ ಇಳಿದಂತೆ, ಪಿಎಚ್ 4ರ ಹತ್ತಿರ ಬಂದಾಗ, ಮೇಲಿನ ನೀರು ಮಸಿಯಾಗತೊಡಗುತ್ತದೆ. ಎಷ್ಟು ತಿರುಗಿಸಿದರೂ ಕೂರುವುದಿಲ್ಲ. ಕಾರ್ಬಾಕ್ಸಿಲ್‌ಗಳು ಹೈಡ್ರೋಜನ್ ಬಿಟ್ಟು ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿವೆ ಎಂಬುದರ ಗುರುತು ಅದು. ಬೇರೆ ಯಾವ ಪರೀಕ್ಷೆಯೂ ಬೇಡ, ಆಕ್ಸಿಡೀಕರಣ ಆದದ್ದು ನಿಶ್ಚಯ. ಎರಡು ಹನಿ ಆಸಿಡ್ ಬಿಟ್ಟರೆ ಮತ್ತೆ ಗಡ್ಡೆ ಕಟ್ಟಿ ಇಳಿಯುತ್ತವೆ. ಬೇಕಾದಾಗ ಕೂರಿಸುವ, ಬೇಕಾದಾಗ ಎಬ್ಬಿಸುವ ಈ ಹಿಡಿ ಸಿಕ್ಕಿದ್ದರಿಂದಲೇ ಸಣ್ಣ ಸೆಂಟ್ರಿಫ್ಯೂಜಿನಲ್ಲಿ ಮುಂದಿನ ಕೆಲಸ ಸಾಗಿದ್ದು.

ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬಾರದು. ಆಸಿಡ್ ಕುದಿಯುವಾಗ ನಳಿಕೆಯ ಮೈಯಿಂದ ಸಣ್ಣ ಸಣ್ಣ ಚೂರುಗಳು ಕಿತ್ತು ಬರುತ್ತವೆ. ಅವುಗಳ ಮೈತುಂಬ ಕಾರ್ಬಾಕ್ಸಿಲ್, ಅವು ಮತ್ತೆ ನಳಿಕೆಗೇ ಅಂಟಿ ಕೂರುತ್ತವೆ. ಬಣ್ಣವನ್ನು ಇದರ ಮೇಲೆ ಕಟ್ಟಿದರೆ ಅದು ಸಿಕ್ಕಿಕೊಳ್ಳುವುದು ಚೂರಿಗೆ, ನಳಿಕೆಗಲ್ಲ. ಚೂರು ಎದ್ದು ಹೋದ ದಿನ ಬಣ್ಣವೂ ಹೋಗುತ್ತದೆ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಅಲ್ಲಾಡಿಸಿ, ಉಪ್ಪು ಬೆರೆಸಿ ನಳಿಕೆಯನ್ನು ಕೂರಿಸಿದರೆ ಮೇಲಿನ ನೀರು ಕಾಫಿ ತೆಳುವಾದಂಥ ಕಂದು. ಅದೇ ಚೂರುಗಳ ಸಾರ. ಕಂದು ಬರುವುದು ನಿಲ್ಲುವವರೆಗೆ ತೊಳೆದು, ಆಸಿಡ್ ಕೊಟ್ಟು, ಬ್ಯಾಟರಿ ನೀರಿನಲ್ಲಿ ಮತ್ತೆ ತೊಳೆದೆ. ಡಿಸ್ಟಿಲ್ಡ್ ವಾಟರ್ ಯಂತ್ರ ಕೆಟ್ಟಿದ್ದರಿಂದ ಬ್ಯಾಟರಿ ಅಂಗಡಿಯ ಕ್ಯಾನೇ ಗತಿ. ಕಂಡಕ್ಟಿವಿಟಿ ನೋಡಿಯೇ ತಂದದ್ದು.

ಬಂಧ ಹಾಕುವುದು, ಜೂನಿನಲ್ಲಿ

ಕಾರ್ಬಾಕ್ಸಿಲ್ ತಾನಾಗಿ ಅಮೈನ್ ಜೊತೆ ಅಮೈಡ್ ಆಗುವುದಿಲ್ಲ, ಅದನ್ನು ಎಬ್ಬಿಸಬೇಕು. ಎಬ್ಬಿಸುವುದು ಇಡಿಸಿ ಎಂಬ ಕಾರ್ಬೊಡೈಇಮೈಡ್. ಅದು ಕಟ್ಟುವ ಮಧ್ಯಂತರ ರಚನೆ ನೀರಿನಲ್ಲಿ ಬೇಗ ಮುರಿಯುವುದರಿಂದ ಜೊತೆಗೆ ಎನ್‌ಎಚ್‌ಎಸ್ ಎಂಬ ಇನ್ನೊಂದು ರಾಸಾಯನಿಕ ಕೊಟ್ಟು ಸ್ವಲ್ಪ ಬಾಳುವ ಎಸ್ಟರ್ ಮಾಡಿಕೊಳ್ಳುತ್ತಾರೆ.

ಇಡಿಸಿಗೆ ತೇವ ಆಗುವುದಿಲ್ಲ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ, ಅದೂ ಗೋಡೆಯೇ ಬೆವರುವ ಜೂನಿನಲ್ಲಿ ಈ ಸೀಸೆ ತೆರೆಯುವುದೆಂದರೆ ಧೈರ್ಯ ಬೇಕು. ಫ್ರೀಜರಿನಿಂದ ತೆಗೆದು ಹಾಗೇ ತೆರೆದರೆ ಗಾಳಿಯ ನೀರಾವಿ ತಣ್ಣನೆ ಹುಡಿಯ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಹುಡಿ ಅಂಟಾಗುತ್ತದೆ, ಮತ್ತೆ ಅದು ಕೆಲಸಕ್ಕಿಲ್ಲ. ನನ್ನ ಕ್ರಮ: ಸೀಸೆ ಬಂದ ದಿನವೇ, ಬಿಸಿಲಿರುವಾಗ, ಸಣ್ಣ ಸಣ್ಣ ಮುಚ್ಚಳದ ಟ್ಯೂಬುಗಳಿಗೆ ಒಂದು ಸಲದ ಪಾಲಿನಂತೆ ಹಂಚಿ, ಎಲ್ಲವನ್ನೂ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು ಫ್ರೀಜರಿಗೆ. ಬೇಕಾದಾಗ ಡಬ್ಬಿಯನ್ನೇ ಹೊರಗಿಟ್ಟು, ಮುಟ್ಟಿದರೆ ತಣ್ಣಗಿಲ್ಲ ಎನ್ನುವವರೆಗೆ ಕಾದು, ಒಂದು ಟ್ಯೂಬ್ ಮಾತ್ರ ತೆರೆಯುವುದು. ಉಳಿದವಕ್ಕೆ ಜೂನ್ ಬಂದದ್ದೇ ಗೊತ್ತಿಲ್ಲ.

ಎಲ್ಲವನ್ನೂ ಒಟ್ಟಿಗೇ ಸುರಿದು ರಾತ್ರಿಯಿಡೀ ಬಿಡುವ ಕ್ರಮವೂ ಇದೆ, ನನಗೆ ಅದು ಸರಿ ಕಾಣಲಿಲ್ಲ. ಕಾರಣ ಥಯೊನಿನ್ ಸೀಸೆಯ ಲೇಬಲ್ಲಿನಲ್ಲೇ ಇದೆ: ಥಯೊನಿನ್ ಅಸಿಟೇಟ್. ಅಸಿಟೇಟೂ ಒಂದು ಕಾರ್ಬಾಕ್ಸಿಲ್ ಗುಂಪೇ. ಒಟ್ಟಿಗೆ ಹಾಕಿದರೆ ನೀರಿನಲ್ಲಿ ಸ್ವೇಚ್ಛೆಯಾಗಿ ಓಡಾಡುವ ಅಸಿಟೇಟು ಇಡಿಸಿಯನ್ನು ನಳಿಕೆಗಿಂತ ಮೊದಲು ತಿಂದು ಮುಗಿಸುತ್ತದೆ, ಬಣ್ಣದ ಅಮೈನು ಅಸಿಟೇಟಿನ ಜೊತೆಗೇ ಸಂಸಾರ ಹೂಡುತ್ತದೆ. ಹಾಗಾಗಿ ಎರಡು ಹಂತ. ಪಿಎಚ್ ಅಲುಗಾಡದಂತೆ ಹಿಡಿಯುವ ಎಂಇಎಸ್ ಬಫರಿನಲ್ಲಿ, ಪಿಎಚ್ 5.5ರಲ್ಲಿ ನಳಿಕೆಗೆ ಇಡಿಸಿ ಮತ್ತು ಎನ್‌ಎಚ್‌ಎಸ್ ಕೊಟ್ಟು ಕಾಲು ಗಂಟೆ ಅಲ್ಲಾಡಿಸಿ, ಸೆಂಟ್ರಿಫ್ಯೂಜ್ ತಿರುಗಿಸಿ ಮೇಲಿನದ್ದನ್ನೆಲ್ಲ ಚೆಲ್ಲಿ, ಬೇಗ ಬೇಗ ಒಮ್ಮೆ ತೊಳೆದು, ಆಮೇಲೆ ಪಿಎಚ್ 7ರ ಫಾಸ್ಫೇಟ್ ಬಫರಿನಲ್ಲಿ ಕರಗಿಸಿದ ಥಯೊನಿನ್. ಈ ಎಸ್ಟರು ಪಿಎಚ್ 7ರಲ್ಲಿ ತಂಪಿನಲ್ಲಿದ್ದರೆ ಗಂಟೆಗಟ್ಟಲೆ ಬಾಳುತ್ತದೆ, 8.6ಕ್ಕೆ ಏರಿಸಿದರೆ ತಣ್ಣಗಿಟ್ಟರೂ ಹತ್ತೇ ನಿಮಿಷಕ್ಕೆ ಅರ್ಧ ಹಾಳು. ಅತ್ತ ಥಯೊನಿನ್‌ನ ಅಮೈನ್ ಸೋಮಾರಿ. ಅದರ ಎಲೆಕ್ಟ್ರಾನ್ ಜೋಡಿ ಉಂಗುರಗಳ ಕಡೆ ಹಂಚಿಹೋಗಿರುವುದರಿಂದ ನಿಧಾನಕ್ಕೇ ಪ್ರತಿಕ್ರಿಯಿಸುವುದು. ಆದ್ದರಿಂದ ಪಿಎಚ್ 7, ಐಸಿನ ಡಬ್ಬಿ, ಕತ್ತಲು, ರಾತ್ರಿಯಿಡೀ.

ನಡುರಾತ್ರಿ ಕರೆಂಟ್ ಹೋಗುವುದು ಇಲ್ಲಿ ಮಳೆಗಾಲದ ಮಾಮೂಲು. ಅದಕ್ಕೇ ಕಾಂತದ ಸ್ಟರರ್ ಬದಲು, ಯುಪಿಎಸ್‌ಗೆ ಸಿಕ್ಕಿಸಿದ ಒಂದು ಸಣ್ಣ ಡಿಸಿ ಮೋಟಾರಿಗೆ ಸೀಸೆಗಳನ್ನು ಕಟ್ಟಿ ಮೆಲ್ಲಗೆ ತಿರುಗಲು ಬಿಟ್ಟೆ.

ಮೂರು ಸೀಸೆಗಳ ಮುಚ್ಚಳದ ಮೇಲೆ ಅ, ಆ, ಇ ಎಂದು ಬರೆದೆ. 'ಅ'ದಲ್ಲಿ ಎಲ್ಲವೂ ಉಂಟು: ಇಡಿಸಿ, ಎನ್‌ಎಚ್‌ಎಸ್ ಕೊಟ್ಟು ಎಬ್ಬಿಸಿದ ನಳಿಕೆ, ಥಯೊನಿನ್. 'ಆ'ದಲ್ಲಿ ಇಡಿಸಿ, ಎನ್‌ಎಚ್‌ಎಸ್ ಬಿಟ್ಟು ಉಳಿದೆಲ್ಲ ಅದೇ. 'ಇ'ದಲ್ಲಿ ಹಾಗೆಯೇ ಎಬ್ಬಿಸಿದ ನಳಿಕೆಗೆ ಮೆಥಿಲೀನ್ ಬ್ಲೂ. ಬಂಧ ಹಾಕಲು ಬಾರದ ಅಣ್ಣ. ಬೆಳಿಗ್ಗೆ ಮೂರೂ ಸೀಸೆಯ ಮೇಲಿನ ನೀರು ಒಂದೇ ರೀತಿ ತೆಳುವಾಗಿತ್ತು. ಕಲರಿಮೀಟರಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇಲ್ಲಿಗೆ ಫೋಟೊ ತೆಗೆದು ಮುಗಿಸಿದರೆ ಮೂರನ್ನೂ 'ಬಣ್ಣ ಕಟ್ಟಿದ ನಳಿಕೆ' ಎನ್ನಬೇಕಾಗುತ್ತದೆ.

ತೊಳೆತ

ಕಾಸರಗೋಡಿನ ಹತ್ತಿ ಸೀರೆ ನೇಯುವಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬ ಅಕ್ಕನನ್ನು ಬಲ್ಲೆ. ಅಲ್ಲಿ ವ್ಯಾಟ್ ಬಣ್ಣ ಬಳಸುತ್ತಾರೆ: ಬಣ್ಣವನ್ನು ಮೊದಲು ಅಪಕರ್ಷಿಸಿ ಕರಗಿಸಿ ನೂಲಿನೊಳಗೆ ಇಳಿಸುವುದು, ಆಮೇಲೆ ಗಾಳಿಗೆ ಹಿಡಿದು ಕರಗದಂತೆ ಒಳಗೇ ಗಟ್ಟಿ ಮಾಡುವುದು. ಅವರು ಹೊಸ ಲಡಿಯನ್ನು ಬಣ್ಣ ನೋಡಿ ಒಪ್ಪುವುದಿಲ್ಲ, ಸೋಪು ಹಾಕಿ ಕುದಿಸಿ, ಆ ನೀರನ್ನು ಬಿಳಿ ಬಟ್ಟಲಿಗೆ ಹೊಯ್ದು ನೋಡಿ ಒಪ್ಪುವುದು. ನನ್ನ ಪರೀಕ್ಷೆಯೂ ಅದೇ, ಸೋಪಿನ ಬದಲು ಬೇರೆ ದ್ರಾವಣ.

ನೀರಿನಲ್ಲಿ ತೊಳೆದರೆ ಏನೂ ಬರುವುದಿಲ್ಲ. ಧನ ವಿದ್ಯುದಂಶದ ಬಣ್ಣ, ಋಣ ವಿದ್ಯುದಂಶದ ಕಾರ್ಬಾಕ್ಸಿಲ್. ಎರಡೂ ಬಿಗಿಯಾಗಿ ತಬ್ಬಿಕೊಂಡಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಆಸಿಡ್ ಕಾರ್ಬಾಕ್ಸಿಲ್‌ನ ಋಣಾಂಶ ತೆಗೆದು ಆ ತಬ್ಬುಗೆ ಬಿಡಿಸುತ್ತದೆ, ಆಲ್ಕೊಹಾಲು ನಳಿಕೆಯ ಮೇಲೆ ಮಲಗಿದ ಅಣುವನ್ನು ಎಬ್ಬಿಸುತ್ತದೆ. ಅಮೈಡ್ ಬಂಧಕ್ಕೆ ಇಷ್ಟರಿಂದ ಏನೂ ಆಗುವುದಿಲ್ಲ. ಮೇಲಾಗಿ ಆಸಿಡ್ ಇರುವುದರಿಂದ ನಳಿಕೆಗಳು ಸಲೀಸಾಗಿ ಅಡಿಗೆ ಕೂರುತ್ತವೆ.

'ಇ'ಯಿಂದ ಮೊದಲ ತೊಳೆತಕ್ಕೆ ಶಾಯಿಯಂಥ ನೀಲಿ ಬಂತು. 'ಆ'ದಿಂದ ನೇರಳೆ ಮಿಶ್ರಿತ ನೀಲಿ, ಅಷ್ಟೇ ದಟ್ಟ. 'ಅ'ದಿಂದಲೂ ಬಂತು. ಬರಲೇಬೇಕು, ಬಂಧ ಸಿಗದೆ ಸುಮ್ಮನೆ ಮಲಗಿದ ಥಯೊನಿನ್ ಅದರಲ್ಲೂ ಇತ್ತಲ್ಲ. ಮತ್ತೆ ಮತ್ತೆ ಭಾವನ ಮಿಶನ್ನಿನ ಗುಂಡಿ ಒತ್ತಿ, ತಿರುಗಿಸಿ, ಮೇಲಿನದ್ದನ್ನು ತೆಗೆದಿಟ್ಟು, ಹೊಸತು ಹೊಯ್ದು, ಮೂರರ ನೀರೂ ಬಣ್ಣವಿಲ್ಲದೆ ಬರುವವರೆಗೆ ತೊಳೆದೆ. ಬಂದ ಬಣ್ಣವನ್ನೆಲ್ಲ ಒಟ್ಟು ಹಾಕಿ, ಅದೇ ದ್ರಾವಣದಲ್ಲಿ ಬೇರೆಯಾಗಿ ಮಾಡಿಕೊಂಡ ಕ್ಯಾಲಿಬ್ರೇಶನ್ ಗೆರೆಗೆ ಹಿಡಿದು, ಹಾಕಿದ್ದರಿಂದ ಕಳೆದರೆ ನಳಿಕೆಯಲ್ಲಿ ಉಳಿದದ್ದೆಷ್ಟು ಎಂದು ಸಿಗುತ್ತದೆ. ನೀರಿನಲ್ಲಿ ಮಾಡಿದ ಗೆರೆ ಇಲ್ಲಿ ನಡೆಯದು, ದ್ರಾವಣ ಬದಲಾದರೆ ಬಣ್ಣದ ಹೀರಿಕೆಯೂ ಸರಿಯುತ್ತದೆ.

'ಇ'ಯಲ್ಲಿ ಉಳಿದದ್ದು ಲೆಕ್ಕದ ತಪ್ಪಿನಷ್ಟೇ ಸಣ್ಣದು. 'ಅ'ದಲ್ಲಿ ಹಾಕಿದ್ದರ ಗಟ್ಟಿ ಪಾಲು ಉಳಿದಿತ್ತು. 'ಆ'ದಲ್ಲಿ ಸೊನ್ನೆ ಬರಲಿಲ್ಲ, ಸ್ವಲ್ಪ ಉಳಿದೇ ಇತ್ತು. ಬಹುಶಃ ನಳಿಕೆಗಳ ಗಂಟಿನ ಸಂದಿಯಲ್ಲಿ ಸಿಕ್ಕಿಬಿದ್ದದ್ದು. ನನ್ನ ಅಭಿಪ್ರಾಯದಲ್ಲಿ ಬಂಧ ಹಾಕಿದ ಲೆಕ್ಕವೆಂದರೆ 'ಅ'ದಿಂದ 'ಆ'ವನ್ನು ಕಳೆದು ಉಳಿದದ್ದು ಮಾತ್ರ. ಇಡಿಸಿ ಇಲ್ಲದ ಜೊತೆಗಾರನನ್ನು ತೋರಿಸದೆ 'ಕೋವೇಲೆಂಟ್ ಆಗಿ ಜೋಡಿಸಿದೆವು' ಎನ್ನುವ ಬರಹ ಕಂಡರೆ ನಾನು ಈಗ ಅರ್ಧ ಮಾತ್ರ ನಂಬುತ್ತೇನೆ.

ಪೆನ್ಸಿಲ್ ಕಡ್ಡಿಯ ಮೇಲೆ

ಉಳಿದ ಬಣ್ಣ ಜೀವಂತ ಇದೆಯೋ, ನಳಿಕೆಗೂ ಅದಕ್ಕೂ ಎಲೆಕ್ಟ್ರಾನ್ ಓಡಾಟ ಇದೆಯೋ ನೋಡಬೇಕಿತ್ತು. ಕಪ್ಪು ಹುಡಿಯಲ್ಲಿ ಬಣ್ಣ ಕಣ್ಣಿಗೆ ಕಾಣದು. ಮೆಕ್ಯಾನಿಕಲ್ ಪೆನ್ಸಿಲಿನ 0.7 ಮಿಲಿಮೀಟರ್ ಕಡ್ಡಿಯ ತುದಿಗೆ ಮೂರೂ ಬಗೆಯ ಕೆಸರನ್ನು ಬೇರೆ ಬೇರೆಯಾಗಿ ಹನಿಸಿ ಒಣಗಿಸಿದೆ. ಪೆರಿಯದ ಕಡೆಯ ಸ್ನೇಹಿತರೊಬ್ಬರಲ್ಲಿ ಪೊಟೆನ್ಶಿಯೊಸ್ಟಾಟ್, ಅಂದರೆ ವೋಲ್ಟೇಜನ್ನು ಮೇಲೆ ಕೆಳಗೆ ಓಡಿಸುತ್ತ ಹರಿಯುವ ಕರೆಂಟನ್ನು ಗೆರೆಯಾಗಿ ತೋರಿಸುವ ಯಂತ್ರ ಇದೆ, ಕಡ್ಡಿಗಳನ್ನು ಅಲ್ಲಿಗೆ ಒಯ್ದೆ.

ಪಿಎಚ್ 7ರ ಬಫರಿನಲ್ಲಿ, ಸಿಲ್ವರ್-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿ, ಎರಡೂ ಬಣ್ಣ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವುದು ಸೊನ್ನೆಯ ಕೆಳಗೆ, −0.1ರಿಂದ −0.25 ವೋಲ್ಟಿನ ನಡುವೆ. ಥಯೊನಿನ್ ಸ್ವಲ್ಪ ಮೇಲೆ, ಮೆಥಿಲೀನ್ ಬ್ಲೂ ಸ್ವಲ್ಪ ಕೆಳಗೆ. ನೀರಲ್ಲಿ ಕರಗಿದ ಆಮ್ಲಜನಕ ಈ ಜಾಗದಲ್ಲೇ ಕೈ ಹಾಕುವುದರಿಂದ ನೈಟ್ರೋಜನ್ ಗುಳ್ಳೆ ಬಿಟ್ಟು ಅದನ್ನು ಓಡಿಸಿಕೊಳ್ಳಬೇಕು. ನಳಿಕೆಯ ಮೇಲ್ಮೈ ದೊಡ್ಡದಾದ್ದರಿಂದ ಗೆರೆ ಮೊದಲೇ ದಪ್ಪ ಹೊಟ್ಟೆಯದ್ದು, ಬಣ್ಣದ ಉಬ್ಬು ಅದರ ಮೇಲೆ ಕೂತಿರುತ್ತದೆ. 'ಅ'ದ ಉಬ್ಬು ಸ್ಪಷ್ಟ. 'ಆ'ದ್ದು ಸಣ್ಣದು. 'ಇ'ಯದ್ದನ್ನು ಹುಡುಕಬೇಕು. ತೊಳೆತದ ಲೆಕ್ಕ ಹೇಳಿದ ಕ್ರಮವೇ ಇಲ್ಲೂ ಬಂತು.

ಸ್ಕ್ಯಾನಿನ ವೇಗ ಏರಿಸಿದಾಗ 'ಅ'ದ ಉಬ್ಬಿನ ಎತ್ತರ ವೇಗಕ್ಕೆ ತಕ್ಕಂತೆ ನೇರವಾಗಿ ಏರಿತು. ಬಣ್ಣ ನೀರಿನಲ್ಲಿ ತೇಲಾಡುತ್ತಿದ್ದರೆ ವೇಗದ ವರ್ಗಮೂಲಕ್ಕೆ ತಕ್ಕಂತೆ ಏರಬೇಕಿತ್ತು. ಇದರಿಂದ ಬಣ್ಣ ಎಲೆಕ್ಟ್ರೋಡಿನ ಮೇಲೇ ಇದೆ ಎಂದಾಗುತ್ತದೆ, ಬಂಧದಲ್ಲಿದೆ ಎಂದಾಗುವುದಿಲ್ಲ. ಮಲಗಿದ ಅಣುವೂ ಹೀಗೇ ತೋರುತ್ತದೆ. ಆದ್ದರಿಂದ ತೊಳೆಯದೆ ಉಳಿಸಿದ್ದ 'ಇ'ಯ ಇನ್ನೊಂದು ಪಾಲನ್ನೂ ಕಡ್ಡಿಗೆ ಹಚ್ಚಿ ಒಯ್ದಿದ್ದೆ. ಮೊದಲ ಸುತ್ತಿಗೆ ಅದರ ಉಬ್ಬು 'ಅ'ಕ್ಕಿಂತಲೂ ಎತ್ತರ! ಸುತ್ತು ಸುತ್ತಿಗೂ ಕುಗ್ಗುತ್ತ ಬಂತು, ಕಡ್ಡಿಯ ಸುತ್ತಲಿನ ಬಫರಿಗೆ ತಿಳಿ ನೀಲಿ ಹತ್ತಿತು. 'ಅ'ದ ಗೆರೆಗಳು ಒಂದರ ಮೇಲೊಂದು ಬಿದ್ದವು. ಬೇಗ ಒಂದು ಸಲ ಅಳೆದು ಬಿಸಾಡುವ ಸೆನ್ಸರಿಗೆ ಸುಮ್ಮನೆ ಕೂರಿಸಿದ ಮೆಥಿಲೀನ್ ಬ್ಲೂವೇ ಲಾಭ, ಆಸಿಡ್ ಕುದಿಸುವ ಗೋಜಿಲ್ಲ. ದಿನಗಟ್ಟಲೆ ನೀರಿನಲ್ಲಿ ಇರಬೇಕಾದದ್ದಾದರೆ ಬಂಧ ಹಾಕದೆ ಗತಿಯಿಲ್ಲ.

ಉಳಿದಿರುವ ತೊಡಕು

'ಅ'ದ ಕೆಸರು ಉಳಿದೆರಡಕ್ಕಿಂತ ಒರಟು. ಎಷ್ಟು ಹೊತ್ತು ಅಲ್ಲಾಡಿಸಿದರೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಕಡ್ಡಿಯ ಮೇಲೆ ಹನಿಸಿದಾಗ ಲೆನ್ಸಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಥಯೊನಿನ್‌ಗೆ ಎರಡು ತುದಿಯಲ್ಲೂ ಅಮೈನ್ ಇದೆಯಷ್ಟೆ. ಒಂದು ತುದಿ ಒಂದು ನಳಿಕೆಗೆ, ಇನ್ನೊಂದು ತುದಿ ಪಕ್ಕದ ನಳಿಕೆಗೆ ಸಿಕ್ಕಿದರೆ ಬಣ್ಣವೇ ಹೊಲಿಗೆಯ ನೂಲಾಗಿ ನಳಿಕೆಗಳನ್ನು ಕಂತೆ ಕಟ್ಟುತ್ತದೆ. ಧನಾಂಶದ ಬಣ್ಣ ಕೂತು ನಳಿಕೆಯ ಋಣಾಂಶ ಕುಗ್ಗಿದ್ದೂ ಕಾರಣವಿರಬಹುದು, ಆದರೆ ಹಾಗಿದ್ದರೆ ತೊಳೆಯದ 'ಆ', 'ಇ'ಗಳೂ ಇಷ್ಟೇ ಒರಟಾಗಬೇಕಿತ್ತು. ಆಗಿಲ್ಲ.

ಇದನ್ನು ಬಿಡಿಸಲು ಈ ಮನೆತನದಲ್ಲೇ ಇನ್ನೊಬ್ಬ ಇದ್ದಾನೆ, ಅಜೂರ್ ಎ. ಒಂದು ತುದಿ ಥಯೊನಿನ್‌ನಂತೆ ಖಾಲಿ ಅಮೈನ್, ಇನ್ನೊಂದು ತುದಿ ಮೆಥಿಲೀನ್ ಬ್ಲೂವಿನಂತೆ ಎರಡು ಮೀಥೈಲ್. ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ, ಹೊಲಿಯುವುದಿಲ್ಲ. ಸೀಸೆ ಬಂದಿದೆ, ಬ್ಯಾಟರಿ ನೀರಿನ ಹೊಸ ಕ್ಯಾನೂ ಬಂದಿದೆ. ಅದರ ಹೀರಿಕೆ 630ರ ಆಸುಪಾಸಿನಲ್ಲಿ, ನನ್ನ ಕಲರಿಮೀಟರಿನ ಫಿಲ್ಟರುಗಳು 600 ಮತ್ತು 660. ಎರಡರಲ್ಲೂ ಗೆರೆ ಹಾಕಿ ಯಾವುದು ನೇರ ಬರುತ್ತದೆ ನೋಡಿಕೊಂಡು ಮುಂದಿನ ಅ, ಆ, ಇ ಶುರು ಮಾಡುವುದು.